ಹದಿನಾಲ್ಕನೇ ಪುಟದ ಸಾಲು

“ಜೋರಾಗಿ ಓದಿ,” ಎಂದಳು ಅವಳು.

ಎದುರಿನ ಕುರ್ಚಿಯಲ್ಲಿ ಕೂತವನು ಓದಲಿಲ್ಲ. ವಿಮೆ ಪುಸ್ತಿಕೆಯ ಹದಿನಾಲ್ಕನೇ ಪುಟದ ಮೇಲೆ ಅವನ ಬೆರಳು ನಿಂತಲ್ಲೇ ನಿಂತಿತ್ತು. ಉಗುರಿನ ಸಂದಿಯಲ್ಲಿ ಒಣಗಿದ ಮಣ್ಣು.

“ಕನ್ನಡಕ ಮರೆತು ಬಂದ್ರಾ?”

“ಇಲ್ಲ ಮೇಡಮ್... ಈ ಸಾಲು ನನಗೆ ಗೊತ್ತು.”

“ಎಲ್ಲರೂ ಹಾಗೇ ಹೇಳ್ತಾರೆ. ಓದದೆ ನಾನು ಯಾರಿಗೂ ಕಾರ್ಡ್ ಕೊಡಲ್ಲ.”

ಅವನು ಬಾಯಿ ತೆರೆದ. “ತುರ್ತು ಸಂದರ್ಭದಲ್ಲಿ... ಕ್ಯಾಂಪಸ್ ಕ್ಲಿನಿಕ್ಕಿನ ಚೀಟಿ...” ಅಷ್ಟಕ್ಕೇ ನಿಲ್ಲಿಸಿದ. ಆಳೆತ್ತರದ ಗಂಡಸೊಬ್ಬ ವಿಮೆ ಪುಸ್ತಿಕೆ ಓದುತ್ತಾ ಕಣ್ಣೀರು ಹಾಕುವುದನ್ನು ಅವಳು ಅದೇ ಮೊದಲು ಕಂಡದ್ದು. ಅವನ ನೋಟ ಪುಟ ಬಿಟ್ಟು, ಮೇಜಿನ ಗಾಜಿನಡಿ ಇದ್ದ ಚಿಕ್ಕ ಫೋಟೋದ ಮೇಲೆ ನೆಟ್ಟಿತ್ತು.

“ಚೀಟಿ ಬೇಕಿಲ್ಲ,” ಎಂದು ಅವಳೇ ಮೆಲ್ಲಗೆ ವಾಕ್ಯ ಮುಗಿಸಿದಳು.

ಅವನ ಅರ್ಜಿ ತಿರುವಿ ನೋಡಿದಳು. ಸಂಶೋಧನಾ ವಿದ್ಯಾರ್ಥಿ, ಮಣ್ಣು ವಿಜ್ಞಾನ. ‘ತುರ್ತಿಗೆ ಕರೆಯಬೇಕಾದವರು’ ಎಂಬ ಕಡೆ ಖಾಲಿ.

“ಇಲ್ಲೊಂದು ಹೆಸರು ಬೇಕಲ್ಲ.”

“ಅಜ್ಜಿ ಇದ್ರು. ಈಗ ಅವರೂ ಇಲ್ಲ.”

ಅವಳು ಆ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ ಕಾರ್ಡ್ ಕೊಟ್ಟುಬಿಟ್ಟಳು. ನಿಯಮಕ್ಕೆ ವಿರುದ್ಧವಾಗಿ ಅವಳು ಮಾಡಿದ ಮೊದಲ ಕೆಲಸ ಅದು.

ವಿಶ್ವವಿದ್ಯಾಲಯದ ಈ ವಿಮಾ ಸಹಾಯ ಕೊಠಡಿಯಲ್ಲಿ ಅವಳಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಚೀಟಿ ಅಕ್ಕ. ಸುಮ್ಮನೆ ಇಟ್ಟದ್ದಲ್ಲ. ಸಣ್ಣಪುಟ್ಟ ಕಾಯಿಲೆಗೆ ಮೊದಲು ಕ್ಯಾಂಪಸ್ ಕ್ಲಿನಿಕ್ಕಿನ ವೈದ್ಯರ ಹತ್ತಿರ ಹೋಗಬೇಕು, ಅವರು ಚೀಟಿ ಕೊಟ್ಟರೆ ಮಾತ್ರ ಹೊರಗಿನ ಆಸ್ಪತ್ರೆ. ಇದು ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿದೆ. ಜೀವಕ್ಕೆ ಅಪಾಯವಿದ್ದರೆ ಚೀಟಿ ಬೇಡ, ನೇರ ಹೋಗಬಹುದು. ಇದು ಮಾತ್ರ ಹದಿನಾಲ್ಕನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿದೆ!

ಫೋಟೋದಲ್ಲಿದ್ದವನು ಅವಳ ತಮ್ಮ. ಮೂರು ವರ್ಷದ ಹಿಂದೆ, ಇದೇ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ಒಂದು ಶನಿವಾರ ಹೊಟ್ಟೆನೋವು ಶುರುವಾಯಿತು. ಕ್ಲಿನಿಕ್ ತೆರೆಯುವುದು ಸೋಮವಾರ. ಚೀಟಿ ಇಲ್ಲದೆ ಆಸ್ಪತ್ರೆಯವರು ಸೇರಿಸಿಕೊಳ್ಳುವುದಿಲ್ಲ ಎಂದು ಅವನು ಎರಡು ದಿನ ಹಲ್ಲು ಕಚ್ಚಿ ಕಾದ. ಸೋಮವಾರ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅಪೆಂಡಿಕ್ಸ್ ಒಡೆದು ವಿಷವೇರಿತ್ತು. ದೂರದ ಊರಿನಲ್ಲಿ ಕೆಲಸದಲ್ಲಿದ್ದ ಅವಳು ಬರುವ ವೇಳೆಗೆ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

“ಶನಿವಾರವೇ ಯಾಕಪ್ಪ ಹೋಗಲಿಲ್ಲ ಅವನು?” ಎಂದು ಅವಳು ಅಪ್ಪನನ್ನು ಕೇಳಿದ್ದಳು.

“ಅವನ ಜೊತೆ ಇದ್ದ ರೂಮಿನ ಹುಡುಗ ತಡಿ ಅಂದನಂತೆ,” ಎಂದು ಅಪ್ಪ ಗೋಡೆ ನೋಡುತ್ತಾ ಹೇಳಿದ್ದರು.

ಅಂದಿನಿಂದ, ಮುಖವನ್ನೇ ನೋಡದ ಆ ರೂಮಿನ ಹುಡುಗನನ್ನು ಅವಳು ದ್ವೇಷಿಸಿದ್ದಳು. ಕೆಲಸ ಬಿಟ್ಟು, ಊರಿನಲ್ಲಿದ್ದ ಅಪ್ಪನನ್ನೂ ಕರೆದುಕೊಂಡು ಇಲ್ಲಿಗೆ ಬಂದು ಈ ಮೇಜು ಹಿಡಿದಿದ್ದಳು.

ಮಣ್ಣಿನ ಉಗುರಿನವನು ಮುಂದಿನ ಗುರುವಾರ ಮತ್ತೆ ಬಂದ. ಜೊತೆಗೆ ನಾಲ್ವರು ಹೊಸ ವಿದ್ಯಾರ್ಥಿಗಳು.

“ಇವರಿಗೂ ಓದಿಸಿ ಮೇಡಮ್,” ಎಂದು ಬಾಗಿಲ ಬಳಿ ನಿಂತ.

ಅದರ ಮುಂದಿನ ವಾರ ಒಂಬತ್ತು ಜನ. ಗುಂಪು ಬೆಳೆದಾಗ ಅವಳು ಒಂದು ಆಟ ಹೂಡಿದಳು. ಅವನು ಬೆಂಚಿನ ಮೇಲೆ ಮಲಗಿ ರೋಗಿಯಾಗಬೇಕು. ಕ್ಲಿನಿಕ್ಕಾ, ಆಸ್ಪತ್ರೆಯಾ ಎಂದು ವಿದ್ಯಾರ್ಥಿಗಳು ಹೇಳಬೇಕು.

“ಕಾಲು ಉಳುಕಿದೆ,” ಎಂದು ಅವನು ನರಳುತ್ತಿದ್ದ.

“ಕ್ಲಿನಿಕ್.”

“ಎದೆ ಹಿಂಡ್ತಾ ಇದೆ, ಎಡಗೈ ಜೋಮು.”

“ಆಸ್ಪತ್ರೆ. ಚೀಟಿ ಬೇಡ.”

“ಪರೀಕ್ಷೆಗೆ ಓದಿಲ್ಲ, ತಲೆ ಸುತ್ತು.”

“ಅದಕ್ಕೆ ವಿಮೆ ಇಲ್ಲ ಪೇಷಂಟ್ ಅಣ್ಣ,” ಎಂದು ಹುಡುಗಿಯೊಬ್ಬಳು ಅಂದಾಗ ಕೊಠಡಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಮೂರು ವರ್ಷದಲ್ಲಿ ನಕ್ಕದ್ದು ಅದೇ ಮೊದಲೇನೋ. ನಕ್ಕ ತಪ್ಪಿಗೆ ಆ ಸಂಜೆ ತಮ್ಮನ ಫೋಟೋದ ಮೇಲಿನ ಗಾಜು ಒರೆಸುತ್ತಾ ಬಹಳ ಹೊತ್ತು ಕೂತಿದ್ದಳು.

ಒಂದು ಗುರುವಾರ ಅವಳು, “ಇವತ್ತು ಹೊಟ್ಟೆನೋವು. ಜ್ವರ ಇದೆ, ನೆಟ್ಟಗೆ ನಿಲ್ಲೋಕೆ ಆಗ್ತಿಲ್ಲ,” ಎಂದಳು. ಅವನು ಬೆಂಚಿನಿಂದ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿಬಿಟ್ಟ.

ಅವಳು ಹಿಂದೆಯೇ ಹೋದಳು. ಕಾರಿಡಾರಿನ ಕೊನೆಯಲ್ಲಿ ಅವನು ಕಿಟಕಿಗೆ ಹಣೆ ಆನಿಸಿ ನಿಂತಿದ್ದ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೆ ಅವನ ಬೆನ್ನ ಮೇಲೆ ಕೈಯಿಡಬೇಕು ಅನಿಸಿತು. ಹಾಗೆ ಅನಿಸಿದ್ದೇ ತಡ, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ‘ಇದೇನಾಯ್ತು ನನಗೆ... ಯಾವಾಗ ಆಯ್ತು?’

“ಮುಂದಿನ ವಾರ ನಿಮಗೊಂದು ವಿಷಯ ಹೇಳಬೇಕು,” ಎಂದ ಅವನು, ತಿರುಗದೆ.

ಪಾಪ, ಅವಳು ಏಳು ದಿನ ಆ ‘ವಿಷಯ’ವನ್ನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಳು. ಬುಧವಾರ ಹೊಸ ಉಡುಪು ಇಸ್ತ್ರಿ ಮಾಡಿಟ್ಟಳು.

ಗುರುವಾರ ವಿದ್ಯಾರ್ಥಿಗಳು ಹೋದ ಮೇಲೆ ಇಬ್ಬರೇ ಉಳಿದರು. ಅವನು ಫೋಟೋದತ್ತ ನೋಡಿ, “ಮೇಡಮ್, ನಾನು...” ಎಂದದ್ದೇ, ಬಾಗಿಲಲ್ಲಿ ಅಪ್ಪ. ಅವಳು ಮರೆತುಬಂದಿದ್ದ ಊಟದ ಡಬ್ಬಿ ಕೈಯಲ್ಲಿತ್ತು.

ಅಪ್ಪನ ಕಣ್ಣು ಅವನ ಮೇಲೆ ಬಿದ್ದಿತು.

“ನೀನಾ?”

“ಯಾರಪ್ಪ ಇವರು? ನಿಮಗೆ ಗೊತ್ತಾ?”

“ಇವನೇ... ಆ ರೂಮಿನ ಹುಡುಗ.”

ಅವಳು ಕುರ್ಚಿಯ ಬೆನ್ನು ಹಿಡಿದು ಅವನತ್ತ ತಿರುಗಿದಳು.

“ಸೋಮವಾರದ ತನಕ ತಡಿ ಅಂದಿದ್ದು ನೀವೇನಾ?”

ಅವನು ಒಮ್ಮೆ ಅಪ್ಪನನ್ನು ನೋಡಿದ. ಅಪ್ಪನ ತಲೆ ಬಗ್ಗಿತ್ತು.

“ಹೌದು,” ಎಂದ.

“ಮೊದಲ ದಿನವೇ ಗೊತ್ತಿತ್ತಾ, ನಾನು ಅವನ ಅಕ್ಕ ಅಂತ?”

“ಗೊತ್ತಿತ್ತು.”

“ಎಲ್ಲಾ ಗೊತ್ತಿದ್ದೂ ವಾರವಾರ ಬಂದು ನನ್ನನ್ನು ನಗಿಸಿದ್ರಲ್ಲ... ಹೇಗೆ ಮನಸ್ಸು ಬಂತು ನಿಮಗೆ? ಹೋಗಿ. ಇನ್ನು ಈ ಬಾಗಿಲು ತುಳೀಬೇಡಿ.”

ಅವನು ಹೋದ. ಪುಸ್ತಿಕೆಗಳ ಕಟ್ಟನ್ನು ನೇರ ಮಾಡಿಟ್ಟು ಹೋದ.

ಮುಂದಿನ ಗುರುವಾರಗಳಲ್ಲಿ ಬೆಂಚು ಖಾಲಿ ಇತ್ತು. “ಅಕ್ಕ, ಪೇಷಂಟ್ ಅಣ್ಣ ಗುಣವಾಗಿಬಿಟ್ರಾ?” ಎಂದು ಹುಡುಗಿ ಕೇಳಿದಾಗ ಅವಳು ಪುಟ ತಿರುವಿದಳು. ದ್ವೇಷ ಇನ್ನೂ ಅಲ್ಲೇ ಇತ್ತು, ಪ್ರೀತಿಯೂ ಹೋಗಿರಲಿಲ್ಲ. ಎರಡೂ ಬಿಸಿ ತುಪ್ಪದ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು. ಮನೆಯಲ್ಲಿ ಅಪ್ಪನೂ ಊಟ ಬಿಟ್ಟಿದ್ದರು. ತಾಯಿಯಿಲ್ಲದ ಮನೆ, ಏನಾಯಿತೆಂದು ಕೇಳುವವರು ಯಾರು?

ಐದನೇ ಗುರುವಾರ, ಎಲ್ಲರೂ ಹೋದ ಮೇಲೆ, ಒಬ್ಬರು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಅವಳು ಅಭ್ಯಾಸದಂತೆ ಪುಸ್ತಿಕೆ ಸರಿಸಿ ತಲೆಯೆತ್ತಿದಳು.

ಅಪ್ಪ.

“ನನಗೂ ಓದಿಸು ಮಗಳೇ.”

ಅವರು ಜೇಬಿನಿಂದ ಒಂದು ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ತಮ್ಮನದು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ.

“ಅಪ್ಪ, ಏನಿದು...”

ಅಪ್ಪ ಕನ್ನಡಕ ಹಾಕಿಕೊಂಡು, ಹದಿನಾಲ್ಕನೇ ಪುಟ ಹುಡುಕಿ, ಶಾಲೆಯ ಮಗುವಿನಂತೆ ಬೆರಳಿಟ್ಟು ಓದಿದರು. “ತುರ್ತು ಸಂದರ್ಭದಲ್ಲಿ ಕ್ಯಾಂಪಸ್ ಕ್ಲಿನಿಕ್ಕಿನ ಚೀಟಿ ಬೇಕಿಲ್ಲ.” ಮತ್ತೊಮ್ಮೆ ಓದಿದರು. ಪುಸ್ತಿಕೆ ಮುಚ್ಚಿದರು.

“ಆ ಶನಿವಾರ ಅವನು ನನಗೆ ಫೋನ್ ಮಾಡಿದ್ದ. ಕಾರ್ಡಿನ ಮೇಲೇನು ಬರೆದಿದೆ ಓದು ಅಂದೆ. ಓದಿದ. ಹಾಗಿದ್ರೆ ಸೋಮವಾರದ ತನಕ ತಡ್ಕೋ ಮಗನೇ ಅಂದೆ. ತಡಿ ಅಂದವನು ನಾನಮ್ಮ. ಆ ಹುಡುಗ ಅಲ್ಲ.”

ಅಪ್ಪ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಚೀಟಿ ಇಲ್ಲದವರನ್ನು ಮೂವತ್ತು ವರ್ಷ ಕೆಳಗಿಳಿಸಿದ ಕೈ ಅದು. ಈಗ ಆ ಕೈ ಮಗನ ಕಾರ್ಡನ್ನು ಅವಳತ್ತ ಸರಿಸಿತು.

“ಅವತ್ತು ನೀನು ಕೇಳಿದಾಗ ಬಾಯಿಗೆ ಬಂದ ಸುಳ್ಳು ಹೇಳಿದೆ. ಆ ಗುರುವಾರ ಇಲ್ಲಿ ಅವನು ನನ್ನ ಮುಖ ನೋಡಿ ಹೌದು ಅಂದ. ಅವತ್ತಿಂದ ತುತ್ತು ಇಳೀತಿಲ್ಲ.”

ಅವಳಿಗೆ ಕೂಗಾಡಬೇಕೆನಿಸಿತು. ಎದ್ದು ಬಂದು ಅಪ್ಪನ ಹೆಗಲಿಗೆ ಮುಖವಿಟ್ಟಳು. ತಮ್ಮ ಹೋದ ದಿನವೂ ಅಪ್ಪ ಮಗಳು ಹಾಗೆ ಒಟ್ಟಿಗೆ ಅತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಣ್ಣು ಪ್ರಯೋಗಾಲಯದ ಬಾಗಿಲಲ್ಲಿದ್ದಳು. ಅವನು ತಟ್ಟೆಗಳಲ್ಲಿ ಮಣ್ಣು ಜರಡಿ ಹಿಡಿಯುತ್ತಿದ್ದ. ಅವಳನ್ನು ಕಂಡು ಜರಡಿ ಕೆಳಗಿಟ್ಟ.

“ಅಪ್ಪ ಎಲ್ಲಾ ಹೇಳಿದ್ರು. ನೀವ್ಯಾಕೆ ಸುಳ್ಳು ಒಪ್ಕೊಂಡ್ರಿ?”

“ನಿಮ್ಮಪ್ಪನಿಗೆ ಉಳಿದಿರೋದು ನೀವೊಬ್ಬರೇ. ನೀವೂ ಮುಖ ತಿರುಗಿಸಿದ್ರೆ... ಮನೇಲಿ ಯಾರೂ ಇಲ್ಲದೆ ಇರೋದು ಹೇಗೆ ಅಂತ ನನಗೆ ಗೊತ್ತು.” ಅವನು ತಡೆದು ಹೇಳಿದ. “ಮತ್ತೆ ಅದು ಪೂರ್ತಿ ಸುಳ್ಳೂ ಅಲ್ಲ. ನಾನು ಗಾಡಿ ಕರೆಸಿದ್ದೆ. ಅಪ್ಪ ತಡ್ಕೋ ಅಂದಿದ್ದಾರೆ, ಬರಲ್ಲ ಅಂದ. ಗಾಡಿ ವಾಪಸ್ ಕಳಿಸಿದೆ. ಎತ್ಕೊಂಡು ಹೋಗಬಹುದಿತ್ತು ನಾನು.”

“ನನಗೆ ಕೋಪ ಹೋಗಿಲ್ಲ. ಯಾರ ಮೇಲೆ ಅಂತಾನೂ ಗೊತ್ತಾಗ್ತಿಲ್ಲ. ಆದ್ರೆ ಐದು ಗುರುವಾರ ಆ ಬೆಂಚು ನೋಡ್ಕೊಂಡು ಕೂತಿದ್ದೆ. ನಿಮ್ಮ ಮೇಲೆ ನನಗೆ ಪ್ರೀತಿ ಇದೆ.”

ಅವನ ಕಣ್ಣು ತುಂಬಿತು. “ನನಗೂ ಇದೆ, ಆಟ ಶುರುವಾದ ದಿನದಿಂದ. ಆದ್ರೆ ನನ್ನನ್ನು ಕಂಡಾಗಲೆಲ್ಲ ನಿಮಗೆ ಅವನೇ ನೆನಪಾಗ್ತಾನೆ.”

“ಆಗಲಿ. ಅವನ ಬಗ್ಗೆ ಮಾತಾಡೋಕೆ ನನಗೆ ಬೇರೆ ಯಾರಿದ್ದಾರೆ?” ಅವಳು ಸ್ಟೂಲ್ ಎಳೆದು ಕೂತಳು. “ಆ ಎರಡು ದಿನ ಅವನು ಏನೇನು ಹೇಳ್ದ, ಒಂದೂ ಬಿಡದೆ ಹೇಳಿ.”

ಅವನು ಹೇಳಿದ. ತಮ್ಮ ಕುಡಿದ ನೀರು, ಬೇಡವೆಂದ ಕಂಬಳಿ, ನೋವು ಮರೆಯಲು ಹೇಳಿದ ಹಳೇ ಜೋಕು. ಕೊನೆಗೆ ದನಿ ತಗ್ಗಿಸಿದ.

“ಭಾನುವಾರ ಸಂಜೆ ಅಂದ... ನಮ್ಮಕ್ಕ ಇಲ್ಲಿ ಇದ್ದಿದ್ರೆ ಬೈದು ಕರ್ಕೊಂಡು ಹೋಗ್ತಿದ್ಲು ಅಂತ.”

ಅವಳು ಬಹಳ ಹೊತ್ತು ಅತ್ತಳು. ಈ ಸಲ ಅವನ ಕೈ ಅವಳ ಬೆನ್ನ ಮೇಲಿತ್ತು.

ಅತ್ತು ಮುಗಿದ ಮೇಲೆ ಚೀಲದಿಂದ ಅವನ ಹಳೇ ಅರ್ಜಿ ತೆಗೆದಳು. ಪೆನ್ಸಿಲ್ ಗುರುತನ್ನು ಅಳಿಸಿ, ಆ ಖಾಲಿ ಜಾಗದಲ್ಲಿ ತನ್ನ ಹೆಸರು, ಫೋನ್ ನಂಬರ್ ಬರೆದಳು.

“ನಿಮಗೇನಾದ್ರೂ ಆದ್ರೆ ಇನ್ನು ಮೊದಲು ನನ್ನನ್ನು ಕರೀತಾರೆ.”

“ಬರ್ತೀರಾ?”

“ಬೈದು ಕರ್ಕೊಂಡು ಹೋಗ್ತೀನಿ,” ಎಂದಳು.