ಶನಿವಾರದ ಸಾಕ್ಷಿ

ಬಡ್ತಿಯ ಆದೇಶ ಹೊರಬಿದ್ದ ದಿನ ತಿರುಮಲೇಶ ಕ್ಯಾಂಟೀನಿನಲ್ಲಿ ಎಲ್ಲರೆದುರು ಹನುಮಯ್ಯನ ಕೈ ಕುಲುಕಬೇಕಾಯಿತು. ಜೆ.ಪಿ. ನಗರದ ಅಂಚಿನ ಆ ಸರ್ಕಾರಿ ಸ್ವಿಚ್ಚಿನ ಕಾರ್ಖಾನೆಯಲ್ಲಿ ತಪಾಸಣಾ ವಿಭಾಗದ ಮೇಲ್ವಿಚಾರಕನ ಕುರ್ಚಿ ತನ್ನದೇ ಎಂದು ಅವನು ನಂಬಿಕೊಂಡು ವರ್ಷಗಳಾಗಿದ್ದವು. ಹೆಂಡತಿ ವಾರಿಜಾ ಜಯನಗರದ ನೆಂಟರಿಗೆಲ್ಲ ಹೇಳಿಯೂ ಬಿಟ್ಟಿದ್ದಳು. ಈ ಸಲ ಮೀಸಲಾತಿಯ ಸರದಿ ಬಂತು, ಕುರ್ಚಿ ಜರಗನಹಳ್ಳಿಯ ದಲಿತ ಕೇರಿಯ ಹನುಮಯ್ಯನ ಪಾಲಾಯಿತು.

"ನೀವು ಹಿರಿಯರು ಸಾರ್. ನನ್ನಲ್ಲಿ ತಪ್ಪು ಕಂಡ್ರೆ ಹೇಳ್ಬೇಕು," ಎಂದ ಹನುಮಯ್ಯ.

"ಹೇಳದೆ ಇರ್ತೀನಾ," ಎಂದು ತಿರುಮಲೇಶ ನಕ್ಕ. ಸ್ಟೋರ್ಸಿನ ತನ್ನ ಮೇಜಿಗೆ ಮರಳುವ ಮುಂಚೆ ಸೋಪು ಹಾಕಿ ಕೈ ತೊಳೆದುಕೊಂಡ.

ಬಾಯಿಬಿಟ್ಟು ಬಯ್ಯುವಂತಿರಲಿಲ್ಲ. ಜಾತಿ ಎತ್ತಿ ಆಡಿದ ಗುಮಾಸ್ತನೊಬ್ಬನನ್ನು ಹಿಂದಿನ ವರ್ಷವೇ ಮನೆಗೆ ಕಳಿಸಿದ್ದರು. ಕಾರ್ಖಾನೆಯ ನಡತೆ ನಿಯಮಗಳು ಎಲ್ಲರಿಗೂ ಒಂದೇ ಎಂದು ಆಡಳಿತದವರು ಮಾತುಮಾತಿಗೂ ಹೇಳುತ್ತಿದ್ದರಲ್ಲ, ಆ ಸಮಾನತೆಯೇ ತಿರುಮಲೇಶನಿಗೆ ಇಷ್ಟವಾಗತೊಡಗಿತು. ಕದ್ದವನು ಯಾರೇ ಆಗಲಿ, ವಜಾ. ಅಲ್ಲಿ ಮೀಸಲಾತಿ ಇರಲಿಲ್ಲ.

ಸ್ವಿಚ್ಚುಗಳಿಗೆ ಬಳಸುವ ಬೆಳ್ಳಿ ತಂತಿಯ ಸುರುಳಿ ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಮಾದರಿ ನೋಡಲು ತಪಾಸಣೆಯವರು ಸ್ಟೋರ್ಸಿಗೆ ಬಂದುಹೋಗುವುದು ವಾಡಿಕೆ. ಶನಿವಾರ ಬೆಳಿಗ್ಗೆ ಎಲ್ಲರೂ ಚಹಾಕ್ಕೆ ಎದ್ದಾಗ ತಿರುಮಲೇಶ ಸ್ಟೋರ್ಸಿನಿಂದ ಒಂದು ಸುರುಳಿ ಎತ್ತಿಕೊಂಡು ಅಂಗಳ ದಾಟಿ ಹನುಮಯ್ಯನ ಕೋಣೆಗೆ ಹೋದ. ಕುರ್ಚಿಯ ಬೆನ್ನಿಗೆ ಕಂದು ಕೋಟು ನೇತಾಡುತ್ತಿತ್ತು. ಆಸಾಮಿ ಎಲ್ಲೋ ಮೆಷಿನ್ನುಗಳ ನಡುವೆ ಇರಬೇಕು. ಸುರುಳಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಬೀರುವಿನ ತಳಕ್ಕೆ ತುರುಕಿದ. ಹೊರಬರುವಾಗ ಆ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಿದ. ಹಿತವಾಗಿತ್ತು.

ಸೋಮವಾರ ಸುರುಳಿ ಕಾಣೆಯಾದುದನ್ನು ಅವನೇ ವರದಿ ಮಾಡಿದ. ಎಲ್ಲರ ಬೀರುಗಳನ್ನೂ ಜಾಲಾಡಿದರು. ಹನುಮಯ್ಯನ ಬೀರುವಿನಲ್ಲಿ ಸಿಕ್ಕಿತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೂ ಸಾಕಿತ್ತು. ಆದರೆ ಯಾರದೋ ಕೈವಾಡವೆಂದು ಹನುಮಯ್ಯ ನುಣುಚಿಕೊಂಡರೆ? ಅದಕ್ಕಿಂತ ಹೆಚ್ಚಾಗಿ, ಆ ಮುಖ ಬಿಳುಚುವುದನ್ನು ಎದುರು ಕೂತು ನೋಡುವ ಆಸೆ. ವಿಚಾರಣೆಯಲ್ಲಿ ಸಾಕ್ಷಿ ಹೇಳಲು ತಿರುಮಲೇಶ ತಾನಾಗಿಯೇ ಮುಂದೆ ಬಂದ. ಸಿಬ್ಬಂದಿ ಅಧಿಕಾರಿ ಉಮಾಮಹೇಶ್ವರಿ ಮೇಜಿನ ಆಚೆ ಕೂತಿದ್ದರು. ಗೋಡೆಯ ಪಕ್ಕ ಹನುಮಯ್ಯ ತಲೆತಗ್ಗಿಸಿ ಕೂತಿದ್ದ.

"ನೀವೇ ನೋಡಿದ್ರಾ?"

"ಕಣ್ಣಾರೆ ನೋಡ್ದೆ ಮೇಡಂ. ಶನಿವಾರ ಚಹಾ ಹೊತ್ತಲ್ಲಿ. ಕಂದು ಕೋಟು ಹಾಕ್ಕೊಂಡು ಬೀರು ಒಳಗೆ ಟವೆಲ್ ಗಂಟು ಇಡ್ತಿದ್ರು. ಹೇಳೋಕೆ ನಂಗೇ ಸಂಕಟ."

"ಬೇರೆ ದಿನ ಇರ್ಬಹುದಾ? ಯೋಚನೆ ಮಾಡಿ ಹೇಳಿ."

"ಶನಿವಾರವೇ ಮೇಡಂ. ಪ್ರಮಾಣ ಮಾಡಿ ಹೇಳ್ತೀನಿ."

ಹನುಮಯ್ಯ ಮೆಲ್ಲಗೆ ತಲೆ ಎತ್ತಿದ. ಉಮಾಮಹೇಶ್ವರಿ ಪೆನ್ನು ಕೆಳಗಿಟ್ಟರು. "ಶನಿವಾರ ಅವರು ಕೆಲಸಕ್ಕೇ ಬಂದಿಲ್ಲ ತಿರುಮಲೇಶ್. ಅವತ್ತು ಬುದ್ಧ ಪೂರ್ಣಿಮೆ. ರಜ ಕೊಟ್ಟವಳು ನಾನೇ." ಅಂದು ಹುಣ್ಣಿಮೆ ಎಂಬುದು ತಿರುಮಲೇಶನಿಗೂ ಗೊತ್ತಿತ್ತು, ಸಂಜೆ ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಅವನೇ ಕೂತಿದ್ದ. ಹನುಮಯ್ಯ ಬೌದ್ಧನೆಂಬುದು ಮಾತ್ರ, ಇಷ್ಟು ವರ್ಷ ಒಂದೇ ಗೇಟಿನಲ್ಲಿ ಒಳಹೊಕ್ಕರೂ, ಅವನಿಗೆ ಗೊತ್ತಿರಲಿಲ್ಲ. ಜಾತಿಯೊಂದನ್ನು ತಿಳಿದುಕೊಂಡ ಮೇಲೆ ಆ ಮನುಷ್ಯನ ಬಗ್ಗೆ ಇನ್ನೇನನ್ನೂ ಅವನು ಕೇಳಿರಲಿಲ್ಲ.