ನೂರ ಎಪ್ಪತ್ತಮೂರು ಶೆಕೆಲ್ ಕೂಸು

ಜಗಲಿಯ ತೊಲೆಗೆ ನೇತುಹಾಕಿದ ತಕ್ಕಡಿಯಲ್ಲಿ ಕೂಸು ತೂಗುತ್ತಿತ್ತು. ಬಟ್ಟೆಯ ಜೋಲಿಯೊಳಗೆ ಅದರ ಮೂಗು ಮಾತ್ರ ಕಾಣುತ್ತಿತ್ತು. ಮೇಲೆ, ಗಡಿಯಾರದಂಥ ಗುಂಡು ಬಿಲ್ಲೆಯಲ್ಲಿ ಮುಳ್ಳು ನಡುಗಿ ನಡುಗಿ ನಿಂತಿತು.

ನರ್ಸ್ ಮಾಲಿನಿ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಎದ್ದು ಬಂದು ಸೆರಗಿನಿಂದ ಬಿಲ್ಲೆಯನ್ನು ಮುಚ್ಚಿದಳು.

"ತೂಕ ಬಾಯ್ಬುಟ್ಟು ಏಳ್ಬೇಡ ಕಣವ್ವ. ಕೂಸ್ಗೆ ದಿಷ್ಟಿ ಆಯ್ತದೆ."

"ಎಡೈ ಹೇಳ್ದೇ ಇದ್ರೆ ಹೇಗೆ ಪಾಟಿ?" ಸತ್ಯಮಂಗಲದ ಮಾಲಿನಿಯ ಕನ್ನಡದಲ್ಲಿ ತೂಕ ಯಾವಾಗಲೂ ಎಡೈ, ಅಜ್ಜಿ ಯಾವಾಗಲೂ ಪಾಟಿ.

"ನೋಡ್ಕೊ. ಬರ್ಕೊ. ಏಳ್ಬೇಡ."

ಮಾಲಿನಿ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಕೂಸಿನ ಅವ್ವನಿಗೆ ಹೇಳಿದಳು. "ಸರಿ, ನಂಬರ್ ಹೇಳಲ್ಲ. ದಿನ ತುಂಬೋ ಮುಂಚೆ ಹುಟ್ಟಿದ ಕೂಸು, ಹಾಲು ಚೆನ್ನಾಗಿ ಕುಡೀತಿದೆ. ಆದ್ರೆ ಮುಂದಿನ ಗುರುವಾರ ಮುಳ್ಳು ಮುಂದೆ ಹೋಗಿರ್ಬೇಕು. ಇಲ್ಲಾಂದ್ರೆ ಇಬ್ರನ್ನೂ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ."

ಅವಳ ಮೊಪೆಡ್ಡಿನ ಸದ್ದು ಪಣಕಹಳ್ಳಿಯ ರಾಗಿ ಹೊಲಗಳ ಆಚೆ ಕರಗಿತು.

"ಎಷ್ಟಿತ್ತು, ಮಂಗಳ?" ಕತ್ತಲೆ ಕೋಣೆಯಿಂದ ಅವ್ವ ಕೇಳಿದಳು. "ನೀನು ನೋಡ್ದಲ್ಲ."

ಕೂಸಿನ ಅಕ್ಕ, ಐದನೇ ಕ್ಲಾಸಿನ ಮಂಗಳಗೌರಿ ನಿಜಕ್ಕೂ ನೋಡಿದ್ದಳು. ಒಂದು ಕೆಜಿ ಒಂಬೈನೂರು ಗ್ರಾಂ. ಅದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೊಸಿಲ ಮೇಲೆ ಅಜ್ಜಿ ಕೂತಿದ್ದಳು.

ಆಗ ಅವಳಿಗೆ ಆ ಕಲ್ಲು ನೆನಪಾಯಿತು.

ಅಳತೆಯ ಪಾಠದ ದಿನ ದಯಾನಂದ್ ಸರ್ ಹಳ್ಳದ ನುಣುಪು ಕಲ್ಲೊಂದನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದ್ದರು. ಗ್ರಾಂ, ಕೆಜಿ ಹುಟ್ಟುವ ಎಷ್ಟೋ ಕಾಲ ಮೊದಲು, ದೂರದ ಮರಳುಗಾಡಿನ ಅಂಚಿನಲ್ಲಿ ಹೀಬ್ರೂ ಮಾತಾಡುವ ಜನ ಇಂಥ ಕಲ್ಲುಗಳನ್ನಿಟ್ಟು ತೂಗುತ್ತಿದ್ದರಂತೆ. ಒಂದು ಶೆಕೆಲ್ ಅಂದರೆ ಹೆಚ್ಚುಕಡಿಮೆ ಹನ್ನೊಂದು ಗ್ರಾಂ. ಒಂದು ಶೆಕೆಲ್‌ಗೆ ಇಪ್ಪತ್ತು ಗೇರಾ. ಕಲ್ಲು ಕೈಗೆ ಬಂದಾಗ ಮಂಗಳಳಿಗೆ ಅದು ಬಿಸಿಲಲ್ಲಿ ಕಾದು ಬಂದ ಹಾಗೆ ಬೆಚ್ಚಗಿತ್ತು.

ಅವಳು ಜಗಲಿಯ ಧೂಳಿನಲ್ಲಿ ಬೆರಳಾಡಿಸಿ ಸಾವಿರದ ಒಂಬೈನೂರನ್ನು ಹನ್ನೊಂದರಿಂದ ಭಾಗಿಸಿದಳು. ಪೂರ್ತಿ ಹೋಗಲಿಲ್ಲ. ಉಳಿದದ್ದನ್ನೂ ಒಂದು ಅಂತ ಸೇರಿಸಿಕೊಂಡಳು.

"ನೂರ ಎಪ್ಪತ್ತಮೂರು ಶೆಕೆಲ್ ಕಣವ್ವ."

ಅಜ್ಜಿ ತಿರುಗಿದಳು. "ಅದ್ಯಾವ ಲೆಕ್ಕನಮ್ಮಿ?"

"ಮರಳುಗಾಡಿನೋರ್ದು. ತುಂಬಾ ಹಳೇದು."

"ಇಲ್ಲಿ ಯಾರ್ಗಾದ್ರೂ ಗೊತ್ತಾ?"

"ಸರ್‌ಗೆ ಗೊತ್ತು. ನಮ್ ಕ್ಲಾಸ್ನೋರು ಮರ್ತಿರ್ತಾರೆ."

ಅಜ್ಜಿ ದಿಷ್ಟಿಗೂ ಆ ಭಾಷೆ ಬರುತ್ತದೋ ಇಲ್ಲವೋ ಎಂದು ಅಳೆಯುತ್ತಿದ್ದಂತಿತ್ತು.

"ಅಂಗಾದ್ರೆ ಯಾರ್ಗ್ ಬೇಕಾದ್ರೂ ಏಳು," ಅಂದಳು.

ಸಂಜೆ ಪಕ್ಕದ ಮನೆಯ ಚನ್ನಮಲ್ಲಮ್ಮ ಗೋಡೆಯ ಮೇಲಿಂದ ಇಣುಕಿದಳು. "ಕೂಸು ಎಷ್ಟು ತೂಕ ಅದಂತಮ್ಮಿ?"

"ನೂರ ಎಪ್ಪತ್ತಮೂರು ಶೆಕೆಲ್."

"ಅಂದ್ರೆ? ಜಾಸ್ತಿನಾ, ಕಮ್ಮಿನಾ?"

"ಮರಳುಗಾಡ್ಗೋಗಿ ಕೇಳ್ಕೊಂಡು ಬಾ," ಎಂದು ಒಳಗಿನಿಂದ ಅಜ್ಜಿಯೇ ಅಂದಳು.

ಹೊಲದಿಂದ ಬಂದ ಅಪ್ಪ ಕೋಣೆಯ ಬಾಗಿಲಲ್ಲಿ ನಿಂತು ಕೂಸನ್ನು ನೋಡಿ ಹೋದ.

ಆ ವಾರ ಬೆಳಿಗ್ಗೆಗಳಲ್ಲಿ ಮಂಜು ಅಂಗಳದವರೆಗೂ ಬಂತು. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮಲಗಿಸಿಕೊಂಡು ಬಿಸಿನೀರು ಹೊಯ್ಯುತ್ತಿದ್ದಳು. ಆಮೇಲೆ ಅದನ್ನು ಎರಡೂ ಅಂಗೈಗಳ ಮೇಲೆ ಎತ್ತಿ ಒಂದಿಷ್ಟು ಹೊತ್ತು ಕಣ್ಣು ಮುಚ್ಚುತ್ತಿದ್ದಳು. ನೀರು ಸೋರಲಿ ಅಂತ ಇರಬೇಕು ಅಂದುಕೊಂಡು ಮಂಗಳ ಟವಲು ಹಿಡಿದು ನಿಲ್ಲುತ್ತಿದ್ದಳು.

ಆವಿಯೊಳಗೆ ಅವಳಿಗೆ ಡೇರೆಗಳು ಕಾಣುತ್ತಿದ್ದವು. ಉದ್ದ ಅಂಗಿಯವರು ತಕ್ಕಡಿ ಎತ್ತುತ್ತಿದ್ದರು. ಒಂದು ತಟ್ಟೆಯಲ್ಲಿ ಕೂಸು, ಇನ್ನೊಂದರಲ್ಲಿ ಕಲ್ಲು. ಅವರು ಒಂದೊಂದೇ ಕಲ್ಲು ಇಡುತ್ತಿದ್ದರು, ಯಾರಿಗೂ ಅವಸರವಿರಲಿಲ್ಲ.

"ಅವ್ವ, ಗೇರಾದಲ್ಲಿ ಏಳಿದ್ರೆ ಇನ್ನೂ ಜಾಸ್ತಿ ಆಯ್ತದೆ," ಒಂದು ಮಧ್ಯಾಹ್ನ ಅವಳು ಹೇಳಿದಳು. "ಮೂರು ಸಾವಿರದ ನಾನೂರ ಅರವತ್ತು!"

ಅವ್ವ ನಕ್ಕಳು. ಮತ್ತೆ ಕೂಸಿನ ತೆಳು ಕಾಲನ್ನು ಬೆರಳುಗಳಿಂದ ಸುತ್ತಿದಳು. ಬೆರಳು ಸುತ್ತಿದ ಮೇಲೂ ಜಾಗ ಉಳಿದಿತ್ತು.

"ಯಾವ ಲೆಕ್ಕದಲ್ಲಿ ಏಳಿದ್ರೂ ಅಷ್ಟೇ ಕೂಸಲ್ವಾ ಇದು?" ಅಂದಳು.

ಮಂಗಳ ಗೇರಾದ ಮಾತನ್ನು ಮತ್ತೆ ಎತ್ತಲಿಲ್ಲ.

"ಅಜ್ಜಿಗೆ ಯಾಕೆ ಅಷ್ಟು ಭಯ?"

ಅವ್ವ ದನಿ ತಗ್ಗಿಸಿದಳು. "ನಿನಗಿಂತ ಮುಂಚೆ ನಂಗೊಂದು ಕೂಸಾಗಿತ್ತು. ದುಂಡುಗಿತ್ತು. ಮೂರೂವರೆ ಕೇಜಿ ಅಂತ ನಿಮ್ಮಜ್ಜಿ ಬೀದಿಗೆಲ್ಲ ಏಳ್ಕೊಂಡು ಬಂದ್ರು. ಅವ್ರು ಅಷ್ಟು ನಗಾಡಿದ್ದು ನಾನು ನೋಡಿದ್ದು ಅವತ್ತೇ."

"ಆಮೇಲೆ?"

"ಆಮೇಲೆ ಜ್ವರ ಬಂತು. ಉಳೀಲಿಲ್ಲ."

ಗುರುವಾರ ಮಾಲಿನಿ ಬಂದಳು. ಜೋಲಿ ಮೆಲ್ಲಗೆ ತಿರುಗಿತು. ಅಜ್ಜಿ ಬಿಲ್ಲೆಗೆ ಸೆರಗು ಹೊದಿಸಿ, ತನ್ನ ಮುಖವನ್ನು ಆಚೆ ತಿರುಗಿಸಿ ನಿಂತಳು.

ಮಂಗಳ ಮಣೆ ಹತ್ತಿ ಸೆರಗಿನೊಳಗೆ ತಲೆ ತೂರಿಸಿದಳು. ಒಳಗೆ ಸೀಗೆಪುಡಿಯ ವಾಸನೆ, ಮಬ್ಬು ಬೆಳಕು. ಮುಳ್ಳು ಎರಡು ಕೆಜಿ ದಾಟಿ ನೂರು ಗ್ರಾಮಿನ ಎರಡು ಗೆರೆ ಮುಂದೆ ನಿಂತಿತ್ತು.

ಅವಳು ಧೂಳಿನ ಮೇಲೆ ಭಾಗಿಸಿದಳು. ಈ ಸಲ ಏನೂ ಉಳಿಯಲಿಲ್ಲ.

"ಇನ್ನೂರು ಶೆಕೆಲ್!"

ಒಳಗೆ ಅವ್ವ ಉಸಿರುಬಿಟ್ಟದ್ದು ಜಗಲಿಗೂ ಕೇಳಿಸಿತು. ಮಾಲಿನಿಯೂ ಸೆರಗಿನೊಳಗೆ ಇಣುಕಿ ಬರೆದುಕೊಂಡು, "ಆಸ್ಪತ್ರೆ ಬೇಡ ಪಾಟಿ," ಎಂದಳು.

ಅಜ್ಜಿ ಸೆರಗನ್ನು ಸರಿಮಾಡಿಕೊಂಡು ನೀರು ಕಾಯಿಸಲು ಹೋದಳು.

ಬಚ್ಚಲಲ್ಲಿ ಕೊನೆಯ ಚೊಂಬು ಹೊಯ್ದು ಅವಳು ಕೂಸನ್ನು ಅಂಗೈಗಳ ಮೇಲೆ ಎತ್ತಿದಳು. ಕಣ್ಣು ಮುಚ್ಚಿದಳು. ನೀರು ಸೋರಿ ಮುಗಿಯಿತು. ಹನಿಯೂ ನಿಂತಿತು. ಆದರೂ ಆ ಕೈಗಳು ಕೂಸನ್ನು ಒಂದಿಷ್ಟೇ ಮೇಲೆ, ಒಂದಿಷ್ಟೇ ಕೆಳಗೆ ಆಡಿಸುತ್ತಿದ್ದವು.

ಮಂಗಳ ಆ ಕೈಗಳನ್ನೇ ನೋಡಿದಳು. ಎಷ್ಟು ಎಂದು ಕೇಳಲಿಲ್ಲ. ಅಜ್ಜಿ ಕಣ್ಣು ತೆರೆಯುವವರೆಗೂ ಟವಲು ಹಿಡಿದು ನಿಂತಳು.