ಇಲ್ಲದ ಅಂಟಿಗೆ ಬೆಂಕಿ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಗೇಟಿನ ಬೀಗ ತೆಗೆಯುತ್ತಿದ್ದಂತೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು.

ಜಪ್ತಿಯಾದ, ಅಪಘಾತವಾದ ಗಾಡಿಗಳನ್ನು ಪೊಲೀಸರು ತಂದು ನಿಲ್ಲಿಸುವ ಅಂಗಳ ಅದು. ನಾನೂರಕ್ಕೂ ಹೆಚ್ಚು ಗಾಡಿಗಳು, ಒಂದು ತಗಡಿನ ಕೋಣೆ, ಒಬ್ಬಳು ಹೆಡ್ ಕಾನ್‌ಸ್ಟೇಬಲ್. ಮಂಡಿ ಮುರಿದುಕೊಂಡ ಮೇಲೆ ಆಕೆಯನ್ನು ಇಲ್ಲಿಗೆ ಹಾಕಿ ನಾಲ್ಕು ವರ್ಷವಾಗಿತ್ತು. ಹಾಕಿದವರು ಮರೆತೂ ಬಿಟ್ಟಿದ್ದರು. ಠಾಣೆಯಲ್ಲಿ ಅವಳಿಗೆ ಗುಜರಿ ಮೇಡಂ ಎಂದೇ ಹೆಸರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅದರಲ್ಲಿ ಆರು ಮಾತು ಗಾಡಿಗಳ ಜೊತೆ.

ಕುಂಟುತ್ತಲೇ ಓಡಿದಳು. ಮೂರನೇ ಸಾಲು, ಐದನೇ ಗಾಡಿ. ಬಿಳಿ ಗುಬ್ಬಿ.

ಕಂಪನಿ ಇಟ್ಟ ಹೆಸರು ಬೇರೆ. ಗುಬ್ಬಿ ಎಂದದ್ದು ಜನ. ಕಡಿಮೆ ಬೆಲೆಯ ಪುಟ್ಟ ಕಾರು. ಏಳು ವರ್ಷದಿಂದ ಅದರಷ್ಟು ಮಾರಾಟವಾದದ್ದು ಇನ್ನೊಂದಿಲ್ಲ. ಈ ಅಂಗಳದಲ್ಲೇ ಹನ್ನೊಂದಿದ್ದವು.

ಈ ಬಿಳಿ ಗುಬ್ಬಿಯಲ್ಲಿ ಎರಡು ತಿಂಗಳ ಹಿಂದೆ ಒಬ್ಬಾಕೆ ಸತ್ತಿದ್ದಳು. ಓಡಿಸುತ್ತಿದ್ದವನು ಗಂಡ. ನಾಲ್ಕು ರಸ್ತೆ ಕೂಡುವಲ್ಲಿ ಹಾಲಿನ ವ್ಯಾನೊಂದು ಆಕೆ ಕೂತಿದ್ದ ಬದಿಗೆ ಗುದ್ದಿತ್ತು. ಈಗ ಆಕೆಯ ಸೀಟು ಬರೀ ಸ್ಪ್ರಿಂಗ್ ಉಳಿಯುವಂತೆ ಸುಟ್ಟುಹೋಗಿತ್ತು. ಮೇಲಿನ ಚಾವಣಿ ಕಪ್ಪಾಗಿತ್ತು. ಹಿಂದಿನ ಸೀಟಿಗೆ ಏನೂ ಆಗಿರಲಿಲ್ಲ.

"ಅಯ್ಯೋ, ನಿನಗೆ ಇನ್ನೂ ಏನು ಬಾಕಿ ಇತ್ತೇ" ಎಂದಳು, ಗಾಡಿಗೆ.

*

ಇನ್‌ಸ್ಪೆಕ್ಟರ್ ಬಂದವನೇ ತೀರ್ಮಾನ ಹೇಳಿಬಿಟ್ಟ.

"ಗಂಡನೇ. ಇನ್ಯಾರು? ನಾಡಿದ್ದು ಕೋರ್ಟಿನ ಕಡೆಯಿಂದ ಪರೀಕ್ಷಕರು ಬಂದು ಗಾಡಿ ನೋಡೋರಿದ್ರು. ಅವನು ಎಷ್ಟು ಜೋರಾಗಿ ಓಡಿಸ್ತಿದ್ದ ಅನ್ನೋದು ಬಯಲಾಗ್ತಿತ್ತು. ಸುಟ್ಟು ಹಾಕಿದ."

"ಪರೀಕ್ಷೆ ಆಗಲಿ ಅಂತ ಅರ್ಜಿ ಹಾಕಿದ್ದೇ ಆತ, ಸರ್."

"ಹಾಕಿದ, ಆಮೇಲೆ ಹೆದರಿದ. ಎದುರಿನ ಟೈರ್ ಅಂಗಡಿಯವನು ನಿನ್ನೆ ಮಧ್ಯಾಹ್ನ ಅವನನ್ನ ಕಣ್ಣಾರೆ ಕಂಡಿದ್ದಾನೆ. ಗೇಟಿನ ಬೀಗ ಹಿಡಿದು ಅಲ್ಲಾಡಿಸ್ತಿದ್ದನಂತೆ. ಗಂಟೆ ಕಳೆದ ಮೇಲೆ ಹೊಗೆ ಬಂತಂತೆ. ಕಸಕ್ಕೆ ಬೆಂಕಿ ಹಾಕಿದ್ದಾರೆ ಅಂದುಕೊಂಡನಂತೆ. ಹಿಂದಿನ ಗೋಡೆ ಹಾರೋದು ಎಷ್ಟು ಹೊತ್ತಿನ ಕೆಲಸ?"

ಗಂಡ ಕನ್ನಡಕದ ಅಂಗಡಿ ಇಟ್ಟಿದ್ದವನು. ಊರವರ ಕಣ್ಣು ಪರೀಕ್ಷೆ ಮಾಡುವವನಿಗೇ ಪಕ್ಕದ ರಸ್ತೆಯ ವ್ಯಾನ್ ಕಾಣಲಿಲ್ಲವೇ ಎಂದು ಜನ ಆಡಿಕೊಂಡಿದ್ದರು. ವ್ಯಾನ್ ನಿಧಾನಕ್ಕೇ ಬರುತ್ತಿತ್ತು, ತಾನೂ ನಿಧಾನವಾಗಿದ್ದೆ, ಆದರೂ ಕಾರು ರಟ್ಟಿನ ಡಬ್ಬಿಯ ಹಾಗೆ ಮಡಚಿತು ಎಂದು ಆತ ಹೇಳುತ್ತಲೇ ಇದ್ದ. ಕೇಳಿಸಿಕೊಂಡವರಿಲ್ಲ.

ಪ್ರತಿ ಶನಿವಾರ ಆತ ಅಂಗಳಕ್ಕೆ ಬರುತ್ತಿದ್ದ. ಪುಸ್ತಕದಲ್ಲಿ ಸಹಿ ಹಾಕಿ, ಮುರಿದ ಗಾಡಿಯ ಡ್ರೈವರ್ ಸೀಟಿನಲ್ಲಿ ಒಂದು ಗಂಟೆ ಕೂತು, ಡಬ್ಬಿಯ ಊಟ ಮುಗಿಸಿ ಹೋಗುತ್ತಿದ್ದ. ಪಕ್ಕದ ಸೀಟಿನ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದ. ಗುಜರಿ ಮೇಡಂ ತನ್ನ ತಗಡಿನ ಕೋಣೆಯಲ್ಲಿ ತನ್ನ ಡಬ್ಬಿ ಬಿಚ್ಚುತ್ತಿದ್ದಳು. ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಆದರೂ ಶನಿವಾರದ ಊಟ ಅವಳಿಗೆ ಸ್ವಲ್ಪ ರುಚಿಸುತ್ತಿತ್ತು.

"ಆತ ಆ ಸೀಟು ಸುಡೋ ಮನುಷ್ಯ ಅಲ್ಲ ಸರ್."

"ಮನಸ್ಸು ಹೇಳಿದ್ದನ್ನ ಕೋರ್ಟು ಕೇಳಲ್ಲ ಮೇಡಂ. ನಾಳೆ ಹನ್ನೊಂದಕ್ಕೆ ಅವನನ್ನ ಇಲ್ಲಿಗೇ ಕರೆಸ್ತೀನಿ. ಅಷ್ಟರೊಳಗೆ ಬೇರೆ ಏನಾದ್ರೂ ಸಿಕ್ಕಿದ್ರೆ ಹೇಳಿ."

*

ಅವನು ಹೋದ ಮೇಲೆ ಅವಳು ಗಾಡಿಯ ಪಕ್ಕ ಒಂದು ಹಳೆಯ ಟೈರಿನ ಮೇಲೆ ಕೂತಳು. ಮಂಡಿ ನೋಯುತ್ತಿತ್ತು. ನೋಡುತ್ತ ಹೋದಳು.

ಬೆಂಕಿ ಸೀಟಿನಿಂದ ಶುರುವಾಗಿರಲಿಲ್ಲ. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವೆ ಒಂದು ಪಿಲ್ಲರ್ ಇರುತ್ತದಲ್ಲ, ಗಾಡಿಯ ನಡುಗಂಬ, ಅದರ ಎರಡು ತಗಡು ಕೂಡುವ ಅಂಚಿನುದ್ದಕ್ಕೂ ಬಣ್ಣ ಸುಟ್ಟಿತ್ತು. ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದ ಹಾಗೆ. ಅಗಲ ಎರಡೇ ಬೆರಳು.

ಎದುರಿನ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದಳು. ಅಪಘಾತದ ಗಾಡಿಗಳನ್ನು ಎಳೆದು ತರುವವನು ಅವನೇ.

"ಮೇಸ್ತ್ರಿ, ತಗಡು ಕಾಯಿಸೋ ನಿಮ್ಮ ಗ್ಯಾಸ್ ಟಾರ್ಚ್ ನಿನ್ನೆ ಎಲ್ಲಿತ್ತು?"

ಅವನು ಗೆರೆ ನೋಡಿದ, ಅವಳ ಮುಖ ನೋಡಿದ. "ಗ್ಯಾರೇಜಿಗೆ ಬೀಗ ಹಾಕಿ ಷಡ್ಡಕನ ಮನೆಗೆ ಹೋಗಿದ್ದೆ ಅಕ್ಕಾ. ಬೇಕಾದ್ರೆ ಅವನನ್ನೇ ಕೇಳಿ. ಆದ್ರೆ ಇದು ಟಾರ್ಚಿನ ಕೆಲಸಾನೇ, ಸುಳ್ಳು ಹೇಳಲ್ಲ. ಅಂಚು ಕಾಯಿಸಿದ್ದಾರೆ. ಸೀಟಿಗೆ ಹತ್ತಿದ್ದು ಆಮೇಲೆ, ಕಿಡಿ ಹಾರಿ."

"ಅಂಚು ಯಾಕೆ ಕಾಯಿಸ್ಬೇಕು?"

"ಅಂಟು ಸುಡೋಕೆ. ಎರಡು ತಗಡನ್ನ ಬರೀ ವೆಲ್ಡ್ ಮಾಡಿರಲ್ಲ ಅಕ್ಕಾ, ನಡುವೆ ಒಂದು ಅಂಟು ಹಾಕಿರ್ತಾರೆ. ಒಣಗಿದ್ರೆ ಕಲ್ಲು. ಯಾರಾದ್ರೂ ಪಕ್ಕದಿಂದ ಗುದ್ದಿದ್ರೆ ಪಿಲ್ಲರ್ ಬಿಚ್ಚಿಕೊಳ್ಳದ ಹಾಗೆ ಹಿಡಿದಿಡೋದು ಅದೇ. ರಿಪೇರಿಗೆ ಬಿಚ್ಚೋವಾಗ ನಾವೂ ಹೀಗೇ ಕಾಯಿಸೋದು." ಸ್ವಲ್ಪ ತಡೆದು ನಕ್ಕ. "ಹಳೇ ಗುಬ್ಬಿ ಆದ್ರೆ ಅರ್ಧ ದಿನ ಬೆವರು ಹರಿಸ್ಬೇಕು. ಈಚಿನವು ಅರ್ಧ ಗಂಟೆ. ನಾನು ನನ್ನ ಕೈ ಪಳಗಿದೆ ಅಂದ್ಕೊಂಡಿದ್ದೆ."

ಅವಳು ನಗಲಿಲ್ಲ. "ಈಚಿನವು ಅಂದ್ರೆ?"

"ಮೂರು ವರ್ಷದಿಂದ ಅನ್ನಿ. ಗೆದ್ದ ಕುದುರೆಗೆ ಹುಲ್ಲು ಕಡಿಮೆ ಹಾಕಿದ್ರೂ ನಡೆಯುತ್ತೆ ಅಲ್ವಾ? ಮೊದಲು ಡಿಕ್ಕಿಯ ದೀಪ ಹೋಯ್ತು. ಎರಡು ಹಾರ್ನ್ ಇದ್ದದ್ದು ಒಂದಾಯ್ತು. ಬಾನೆಟ್ ಒಳಗಿನ ಹೊದಿಕೆ ಮಾಯ. ಯಾರೂ ಕೇಳಲಿಲ್ಲ. ಬೆಲೆ ಮಾತ್ರ ಏರ್ತಾ ಹೋಯ್ತು."

"ಟಾರ್ಚ್ ತನ್ನಿ" ಎಂದಳು.

ಅಂಗಳದ ಮೂಲೆಯಲ್ಲಿ ಏಳು ವರ್ಷದ ಹಳೆಯ ಕೆಂಪು ಗುಬ್ಬಿಯಿತ್ತು. ವಾರಸುದಾರರಿಲ್ಲದೆ ಗುಜರಿಗೆ ಹರಾಜಾಗಿದ್ದದ್ದು. ಮೇಸ್ತ್ರಿ ಅದರ ಪಿಲ್ಲರಿನ ಅಂಚು ಕಾಯಿಸಿದ. ಕಣ್ಣು ಉರಿಯುವಂಥ ಹೊಗೆ ಎದ್ದಿತು. ಉಳಿ ಹಾಕಿ ಎಬ್ಬಿಸಿದಾಗ, ಪಾತ್ರೆಯ ತಳಕ್ಕೆ ಹಾಲು ಸೀದ ಹಾಗೆ ಕರಿಯ ಹಕ್ಕಳೆ ತಗಡಿಗೆ ಕಚ್ಚಿಕೊಂಡಿತ್ತು. ಉಗುರಿನಲ್ಲಿ ಕೆರೆದರೂ ಬರಲಿಲ್ಲ.

ಇಬ್ಬರೂ ಬಿಳಿ ಗುಬ್ಬಿಯ ಹತ್ತಿರ ಬಂದರು. ಗುದ್ದಿದ ಪೆಟ್ಟಿಗೇ ಅದರ ಅಂಚು ಬಾಯಿ ತೆರೆದಿತ್ತು. ಅವಳು ಬ್ಯಾಟರಿ ದೀಪ ಬಿಟ್ಟು ಒಳಗೆ ನೋಡಿದಳು. ಬೆಂಕಿಗೆ ನೀಲಿಯಾದ ತಗಡು. ಅಷ್ಟೇ. ತೊಳೆದಿಟ್ಟ ತಟ್ಟೆಯಷ್ಟು ಶುಚಿ.

"ಇಲ್ಲಿ ಅಂಟೇ ಇರಲಿಲ್ಲ ಅಕ್ಕಾ" ಎಂದ ಮೇಸ್ತ್ರಿ. ಅವನ ನಗು ಎಲ್ಲೋ ಹೋಗಿತ್ತು.

*

ಮಧ್ಯಾಹ್ನವೆಲ್ಲ ಅವಳು ತಗಡಿನ ಕೋಣೆಯಲ್ಲಿ ಒಬ್ಬಳೇ ಕೂತಳು. ಡಬ್ಬಿ ಬಿಚ್ಚಲಿಲ್ಲ.

ಭೇಟಿಯ ಪುಸ್ತಕ ತೆಗೆದಳು. ಈ ಗಾಡಿಯನ್ನು ನೋಡಲು ಬಂದವರು ಮೂವರೇ. ಗಂಡ, ವಿಮೆಯ ಕಡೆಯವನು ಒಮ್ಮೆ, ಸತ್ತವಳ ಅಣ್ಣ ಒಮ್ಮೆ. ಅಣ್ಣ ಬಂದದ್ದು ಮೂರು ವಾರದ ಹಿಂದೆ. ಉದ್ಯೋಗ ಎನ್ನುವಲ್ಲಿ ಬರೀ 'ನೌಕರಿ' ಎಂದು ಬರೆದಿದ್ದ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ತಂಗಿ ಸತ್ತ ಗಾಡಿ ನೋಡಲು ಬರುವ ಅಣ್ಣಂದಿರನ್ನು ನಾಲ್ಕು ವರ್ಷದಲ್ಲಿ ಬೇಕಾದಷ್ಟು ಕಂಡಿದ್ದಳು. ಎಲ್ಲರೂ ಮೊದಲು ಬೈಯುವುದು ಭಾವನನ್ನು. ಈತ ಬೈಯಲಿಲ್ಲ. ತಂಗಿಯ ಚಪ್ಪಲಿ ಒಳಗೇ ಬಿದ್ದಿತ್ತು, ಅದನ್ನೂ ಎತ್ತಿಕೊಳ್ಳಲಿಲ್ಲ. ಪಿಲ್ಲರಿನ ಮುಂದೆ ನಿಂತು, ಅಂಚಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಸವರಿದ್ದ. ಪಾಪ, ಸಂಕಟ ಎಂದುಕೊಂಡಿದ್ದಳು.

ಗಾಡಿಯ ಕಡತ ತೆರೆದಳು. ನೋಂದಣಿ, ವಿಮೆ, ಕೊನೆಯಲ್ಲಿ ಖರೀದಿಯ ಚೀಟಿ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಕಂಪನಿಯ ನೌಕರರ ಕುಟುಂಬಕ್ಕೆ ರಿಯಾಯಿತಿ.

ಗಂಡನಿಗೆ ಕನ್ನಡಕದ ಅಂಗಡಿ. ಹಾಗಾದರೆ ನೌಕರ ಯಾರು?

*

ಮಂಗಳವಾರ ಹನ್ನೊಂದು ಗಂಟೆ. ಬಿಸಿಲು ಚುರುಗುಟ್ಟುತ್ತಿತ್ತು. ಇನ್‌ಸ್ಪೆಕ್ಟರ್, ಮೇಸ್ತ್ರಿ, ಕನ್ನಡಕದವನು ಬಂದಿದ್ದರು. ಅಣ್ಣನನ್ನು ಅವಳೇ ಫೋನ್ ಮಾಡಿ ಕರೆಸಿದ್ದಳು. ನಲವತ್ತು ದಾಟಿದ ತೆಳ್ಳಗಿನ ಮನುಷ್ಯ. ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆಯಲೇ ಇಲ್ಲ.

ಕನ್ನಡಕದವನು ಸುಟ್ಟ ಸೀಟನ್ನು ನೋಡಿದ್ದು ಅದೇ ಮೊದಲು. ಬಾಗಿಲು ಹಿಡಿದು ನಿಂತುಬಿಟ್ಟ.

"ಭಾನುವಾರ ಯಾಕೆ ಬಂದಿದ್ದೆ?" ಇನ್‌ಸ್ಪೆಕ್ಟರ್ ಕೇಳಿದ.

"ನಮ್ಮ ಮದುವೆಯ ದಿನ ಸರ್ ಅದು. ಸ್ವಲ್ಪ ಹೊತ್ತು ಕೂರೋಣ ಅಂತ ಬಂದೆ. ಬೀಗ ಇತ್ತು. ಹೋದೆ."

"ಚೆನ್ನಾಗಿದೆ ಕತೆ. ನಡಿ ಠಾಣೆಗೆ."

ಗುಜರಿ ಮೇಡಂ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಅವನು ಗೇಟಿನ ಕಡೆ ನೋಡಿದ.

"ಒಂದು ನಿಮಿಷ ಸರ್" ಎಂದಳು. ನಾಲ್ಕು ವರ್ಷದಲ್ಲಿ ಅಷ್ಟು ಜನರ ಮುಂದೆ ಅವಳು ಮಾತಾಡಿದ್ದಿಲ್ಲ. ದನಿ ಮೊದಲು ಕೀರಲಾಯಿತು, ಆಮೇಲೆ ಸರಿಹೋಯಿತು.

"ಈ ಬೆಂಕಿ ಗಾಡಿ ಸುಡೋಕೆ ಹಚ್ಚಿದ್ದಲ್ಲ. ಪಿಲ್ಲರಿನ ಅಂಚು ಸುಡೋಕೆ. ಅಂಚಿನೊಳಗೆ ಅಂಟು ಇರ್ಬೇಕು, ಬೆಂಕಿ ಬಿದ್ರೆ ಅದು ಸುಟ್ಟುಹೋಗುತ್ತೆ. ನಾಳೆ ಬರೋ ಪರೀಕ್ಷಕರು ನೋಡಿದ್ರೆ ಏನಂತಾರೆ? ಅಂಟು ಇತ್ತು, ಬೆಂಕಿಗೆ ಹೋಯ್ತು ಅಂತಾರೆ. ಆದ್ರೆ ನಿಜವಾಗಿ ಇದ್ದಿದ್ರೆ ಆ ಕೆಂಪು ಗಾಡಿಯಲ್ಲಿರೋ ಹಾಗೆ ಕರಿ ಉಳೀತಿತ್ತು. ಇಲ್ಲಿ ಏನೂ ಉಳಿದಿಲ್ಲ. ಇದ್ದದ್ದನ್ನ ಸುಟ್ಟಿಲ್ಲ ಸರ್. ಇಲ್ಲದ್ದನ್ನ ಸುಟ್ಟಿದ್ದಾರೆ."

"ಅಂದ್ರೆ?"

"ಅಂಟು ಇರುತ್ತೆ ಅನ್ನೋದು ಮೇಸ್ತ್ರಿಗೆ ಗೊತ್ತು. ಈ ಗಾಡಿಯಲ್ಲಿ ಅದು ಇಲ್ಲ ಅನ್ನೋದು ಅವರಿಗೂ ನಿನ್ನೆವರೆಗೆ ಗೊತ್ತಿರಲಿಲ್ಲ. ಕನ್ನಡಕದ ಅಂಗಡಿಯವರಿಗೆ ಎರಡೂ ಗೊತ್ತಿಲ್ಲ. ಇಲ್ಲ ಅಂತ ಗೊತ್ತಿರೋನು ಹಾಕದೆ ಬಿಟ್ಟವನು ಮಾತ್ರ." ಅವಳು ಅಣ್ಣನ ಕಡೆ ತಿರುಗಿದಳು. "ನೀವು ಆ ದಿನ ಬೆರಳಿಟ್ಟು ಸವರಿ ನೋಡಿದ್ರಲ್ಲ. ಏನು ಹುಡುಕ್ತಿದ್ರಿ?"

ರಸ್ತೆಯಲ್ಲಿ ಒಂದು ಲಾರಿ ಹೋಯಿತು.

"ಅಂಟು" ಎಂದ ಅಣ್ಣ.

ಜೇಬಿನಿಂದ ಕೈ ತೆಗೆದ. ಅಂಗೈ ಬೊಬ್ಬೆ ಎದ್ದು ಸಿಪ್ಪೆ ಸುಲಿದಿತ್ತು. "ಭಾನುವಾರ ಹಿಂದಿನ ಗೋಡೆ ಹಾರಿ ಬಂದೆ. ಸೀಟಿಗೆ ಹತ್ತುತ್ತೆ ಅಂದುಕೊಂಡಿರಲಿಲ್ಲ. ಆರಿಸೋಕೆ ಹೋದೆ, ಆಗಲಿಲ್ಲ. ಟಾರ್ಚ್ ನನ್ನ ಕಾರಲ್ಲೇ ಇದೆ."

"ಕಂಪನಿಯಲ್ಲಿ ನಿಮ್ಮ ಕೆಲಸ?"

"ಖರ್ಚು ಎಲ್ಲಿ ಉಳಿಸಬಹುದು ಅಂತ ಹುಡುಕೋದು. ಗುಬ್ಬಿಯ ಮೊದಲ ವರ್ಷದ ಕಾರನ್ನ ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡಿದ್ರು. ಚೆನ್ನಾಗಿ ಪಾಸಾಯ್ತು. ಜಾಹೀರಾತಲ್ಲೆಲ್ಲ ಅದೇ. ಒಮ್ಮೆ ಪಾಸಾದ ಮೇಲೆ ಮತ್ತೆ ಯಾರೂ ಗುದ್ದಿಸಿ ನೋಡಲ್ಲ ಮೇಡಂ. ನಾಲ್ಕನೇ ವರ್ಷ ಈ ಅಂಟು ಬೇಕಾ ಅಂತ ಕೇಳಿದ್ರು. ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಇಲ್ಲದೆಯೂ ನಿಲ್ಲುತ್ತೆ ಅಂತ ಬಂತು. ಕೂದಲೆಳೆಯಷ್ಟರಲ್ಲಿ. ಸಹಿ ಹಾಕಿದೆ."

"ಗೊತ್ತಿದ್ದೂ ತಂಗಿಗೆ ಅದೇ ಕಾರು ಕೊಡಿಸಿದ್ರಾ?"

"ನಂಬಿದ್ದೆ. ನಂಬದಿದ್ರೆ ಕೊಡಿಸ್ತಿದ್ನಾ?" ಮೊದಲ ಸಲ ಅವನ ದನಿ ಏರಿತು.

"ಸುಡು ಅಂತ ಕಂಪನಿ ಹೇಳಿತಾ?" ಇನ್‌ಸ್ಪೆಕ್ಟರ್ ಕೇಳಿದ.

"ಇಲ್ಲ. ಅವರಿಗೆ ಈ ಕಾರು ಯಾವುದು ಅಂತಲೂ ಗೊತ್ತಿಲ್ಲ. ನಮ್ಮ ಅಮ್ಮನಿಗೆ ಗೊತ್ತಾಗಬಾರದಿತ್ತು. ಭಾವನಿಗೆ ಗೊತ್ತಾಗಬಾರದಿತ್ತು. ಅವಳು ಹೋದ ಮೇಲೆ ನನಗೆ ಅಂತ ಉಳಿದಿದ್ದು ಇವರಿಬ್ಬರೇ. ಅಂಟು ಹೋದದ್ದು ಗೊತ್ತಾದ್ರೆ ನಂಟೂ ಹೋಗುತ್ತೆ ಅಂತ..."

ಕನ್ನಡಕದವನು ಕನ್ನಡಕ ತೆಗೆದ. ಒರೆಸಲಿಲ್ಲ, ಕೈಯಲ್ಲಿ ಸುಮ್ಮನೆ ಹಿಡಿದುಕೊಂಡ.

"ಎರಡು ತಿಂಗಳು ಎಲ್ಲರೂ ನನ್ನ ಕೊಲೆಗಾರ ಅಂದ್ರು ಭಾವ. ನಾನೂ ರಾತ್ರಿಯೆಲ್ಲ ಅದನ್ನೇ ಅಂದ್ಕೊಂಡೆ. ನೀವು ಪಕ್ಕದಲ್ಲೇ ಕೂತಿದ್ರಿ. ಒಂದು ಮಾತು ಆಡಲಿಲ್ಲ."

"ಅಂಟಿಲ್ಲದ ಗುಬ್ಬಿಗಳು ರಸ್ತೆ ಮೇಲೆ ಎಷ್ಟಿವೆ?" ಗುಜರಿ ಮೇಡಂ ಕೇಳಿದಳು.

"ನಾಲ್ಕು ಲಕ್ಷ."

ಅವಳು ಕೋಣೆಯಿಂದ ಬಿಳಿ ಹಾಳೆ ತಂದು ಬಾನೆಟ್ಟಿನ ಮೇಲೆ ಇಟ್ಟಳು. "ಯಾವ ತಿಂಗಳಿಂದ, ಯಾವ ಕಾಗದದ ಮೇಲೆ, ಯಾರ್ಯಾರ ಸಹಿ. ಎಲ್ಲ ಬರೀರಿ."

ಸುಟ್ಟ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಎಡಗೈಯಲ್ಲಿ, ಅಂಕುಡೊಂಕಾಗಿ, ಮೂರು ಪುಟ ಬರೆದ.

*

ಎಲ್ಲರೂ ಠಾಣೆಗೆ ಹೋದರು. ಅಲ್ಲಿನ ಕೆಲಸ ಮುಗಿಯುವಾಗ ಎರಡು ಗಂಟೆ ದಾಟಿತ್ತು. ಇನ್‌ಸ್ಪೆಕ್ಟರ್ ಮೂರು ಪುಟಗಳನ್ನು ಮೇಲಿನವರಿಗೆ ಕಳಿಸಿದ. ಅವಳು ಯಾರನ್ನೂ ಕೇಳದೆಯೇ ಒಂದು ಪ್ರತಿ ಮಾಡಿಸಿ ಪರೀಕ್ಷಕರಿಗೆಂದು ಇಟ್ಟುಕೊಂಡಿದ್ದಳು. ಮೇಲೆ ಹೋದ ಕಾಗದ ಕೆಳಗೆ ಬರುವುದು ಅಪರೂಪ ಎಂದು ಗೊತ್ತಿತ್ತು.

ಕನ್ನಡಕದವನ ಹೇಳಿಕೆ ಬರೆದುಕೊಂಡು ಹೊರಡಬಹುದು ಎಂದರು. ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಇನ್ನು ಶನಿವಾರ ಎಲ್ಲಿಗೆ ಹೋಗುವುದು ಎಂದು ಯೋಚಿಸುತ್ತಿರಬಹುದು ಎಂದು ಅವಳಿಗೆ ಅನ್ನಿಸಿತು.

ಆತ ತಿರುಗಿದ.

"ಮೇಡಂ, ಒಳಗಿದ್ದಾರಲ್ಲ, ಅವರಿಗೆ ಸಕ್ಕರೆ ಕಾಯಿಲೆ ಇದೆ. ಊಟ ತಡ ಆದ್ರೆ ಕಣ್ಣು ಕತ್ತಲೆ ಬರುತ್ತೆ. ದಿನಾ ಒಂದೂವರೆಗೆ ಇವಳು ಫೋನ್ ಮಾಡಿ ಕೇಳೋಳು, ಊಟ ಆಯ್ತಾ ಅಣ್ಣ ಅಂತ. ಈಗ ಕೇಳೋರು ಯಾರೂ ಇಲ್ಲ. ನೀವು ಒಂದು ಸಲ ಕೇಳಿ."

"ನೀವೇ ಕೇಳಬಹುದಲ್ಲ?"

"ನನ್ನಿಂದ ಆಗಲ್ಲ" ಎಂದ. ಮೆಟ್ಟಿಲಿಳಿದು ಬಸ್ಸಿನ ದಾರಿ ಹಿಡಿದ.

ಅವಳು ಒಳಗೆ ಹೋದಳು. ಬೆಂಚಿನ ಮೇಲೆ ಅಣ್ಣ ಗೋಡೆ ನೋಡುತ್ತ ಕೂತಿದ್ದ.

"ಊಟ ಆಯ್ತಾ?"

ಅವನು ಬೆಚ್ಚಿದ. "ಯಾಕೆ ಕೇಳ್ತೀರಿ?"

"ನಿಮ್ಮ ಭಾವ ಕೇಳು ಅಂದ್ರು."

ತಪ್ಪೊಪ್ಪಿಕೊಂಡಾಗಲೂ ಅಳದಿದ್ದ ಮನುಷ್ಯ ಸುಟ್ಟ ಅಂಗೈಯಲ್ಲೇ ಮುಖ ಮುಚ್ಚಿಕೊಂಡ. ಗುಜರಿ ಮೇಡಂ ಕ್ಯಾಂಟೀನಿನಿಂದ ಎರಡು ತಟ್ಟೆ ಊಟ ತರಿಸಿದಳು. ಒಂದನ್ನು ಅವನ ಪಕ್ಕ ಇಟ್ಟಳು. ಇನ್ನೊಂದನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಅದೇ ಬೆಂಚಿನ ಆ ತುದಿಗೆ ಕೂತಳು.